ವಂಡರ್‌ಲಾಗೆ ಹೊರಟೋರ ಹೊಟ್ಟೆ ಪ್ರಶ್ನೆಗಳು

ರಜೆ ಹತ್ರ ಬಂತು ಅಂದ್ರೆ ನಂಗೆ ಬರೋ ಪತ್ರಗಳಲ್ಲಿ ಅರ್ಧಕ್ಕರ್ಧ ಬಿಡದಿ ಕಡೆದೇ ಇರುತ್ತೆ. ಈ ಸಲ ಎಲ್ಲಾನೂ ಒಟ್ಟಿಗೆ ಹಾಕಿದೀನಿ.

ಅಕ್ಕಾ ನಮಸ್ತೆ, ನಾವು ದಾವಣಗೆರೆಯಿಂದ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದು ಒಂದಿನ ಪೂರ್ತಿ ವಂಡರ್‌ಲಾದಲ್ಲಿ ಇರೋ ಪ್ಲಾನ್ ಮಾಡಿದೀವಿ. ಒಟ್ಟು ಆರು ಜನ, ಅದ್ರಲ್ಲಿ ಇಬ್ರು ಚಿಕ್ಕ ಮಕ್ಕಳು, ನಮ್ಮತ್ತೆಗೆ ಶುಗರ್ ಇದೆ. ಒಳಗೆ ಹೊರಗಿನ ಊಟ ಬಿಡಲ್ವಂತೆ. ಹತ್ರದಲ್ಲಿ ಎಲ್ಲಿ ತಿನ್ಬೇಕು, ಯಾವಾಗ ತಿನ್ಬೇಕು ಸ್ವಲ್ಪ ಹೇಳಿ. – ಒಬ್ಬ ಓದುಗರು, ದಾವಣಗೆರೆ

ಯಾವಾಗ ತಿನ್ಬೇಕು ಅಂತ ಕೇಳಿದ್ರಲ್ಲ, ಅದಕ್ಕೇ ಮೊದಲು ಉತ್ತರ ಹೇಳ್ತೀನಿ. ಎಲ್ಲರೂ ಎಲ್ಲಿ ಅಂತ ಮಾತ್ರ ಕೇಳ್ತಾರೆ, ಆದ್ರೆ ವಂಡರ್‌ಲಾ ದಿನ ಹಾಳಾಗೋದು ಟೈಮ್ ತಪ್ಪಿದ್ರೇನೇ. ಗೇಟ್ ಸಾಮಾನ್ಯವಾಗಿ 11 ಗಂಟೆಗೆ ತೆಗೀತಾರೆ. ಬೆಂಗಳೂರಲ್ಲಿ ಎದ್ದು ರೆಡಿಯಾಗಿ ಏನೂ ತಿನ್ನದೆ ಓಡಿ ಹೋಗಿ 10 ಗಂಟೆಗೇ ಗೇಟ್ ಮುಂದೆ ನಿಂತ್ಕೊಳ್ಳೋರನ್ನ ಪ್ರತಿ ಸಲ ನೋಡ್ತೀನಿ, ಮಕ್ಕಳು ಚಿಪ್ಸ್ ಪ್ಯಾಕೆಟ್ ಹಿಡ್ಕೊಂಡಿರ್ತಾವೆ, 12 ಗಂಟೆಗೆಲ್ಲ ಹಸಿವು ಅಂತ ಅಳೋಕೆ ಶುರು, ಆಮೇಲೆ ಅಪ್ಪ ಅಮ್ಮನ ಜಗಳ. ನೀವು ಹಾಗೆ ಮಾಡ್ಬೇಡಿ. ಬೆಳಿಗ್ಗೆ ಏಳೂವರೆಗೇ ಹೊರಟು ಸೀದಾ ಬಿಡದಿಗೆ ಹೋಗಿ, ಎಂಟೂವರೆ ಒಂಬತ್ತರ ಒಳಗೆ ತಟ್ಟೆ ಇಡ್ಲಿ ತಿಂದು ಮುಗ್ಸಿ.

ಇಲ್ಲೊಂದು ವಿಷಯ ಗಮನಿಸಿ. ವಂಡರ್‌ಲಾ ಇರೋದು ಮೈಸೂರು ರಸ್ತೆ 28ನೇ ಕಿಲೋಮೀಟರ್ ಹತ್ರ ಒಳಗೆ, ಬಿಡದಿ ಊರು ಅದಕ್ಕಿಂತ ಸ್ವಲ್ಪ ಮುಂದೆ. ಅಂದ್ರೆ ನೀವು ವಂಡರ್‌ಲಾ ತಿರುವು ದಾಟಿ ಬಿಡದಿಗೆ ಹೋಗಿ ತಿಂದ್ಕೊಂಡು ವಾಪಸ್ ಬರ್ಬೇಕು. ಕೆಲವರು ತಿರುವು ಬಂದ್ ತಕ್ಷಣ ತಿರುಗಿಸ್ಕೊಂಡು ಒಳಗೆ ಹೋಗಿ ಆಮೇಲೆ ಅಯ್ಯೋ ಇಡ್ಲಿ ಮಿಸ್ ಆಯ್ತು ಅಂತಾರೆ. ಇನ್ನೊಂದು, 2023ರಲ್ಲಿ ಹೊಸ ಎಕ್ಸ್‌ಪ್ರೆಸ್ ವೇ ಆದ್ಮೇಲೆ ಮೇಲಿನ ರಸ್ತೆ ಹತ್ತಿದ್ರೆ ಬಿಡದಿ ಊರು ಬೈಪಾಸ್ ಆಗೋಗುತ್ತೆ, ಗೊತ್ತೇ ಆಗಲ್ಲ, ಜೊತೆಗೆ ಟೋಲ್ ಬೇರೆ. ಅದಕ್ಕೆ ಕೆಂಗೇರಿ ದಾಟಿದ ಮೇಲೆ ಸರ್ವಿಸ್ ರೋಡಲ್ಲೇ ಇರಿ. ಹಳೇ ರಸ್ತೆ ಪಕ್ಕದ ಹೋಟೆಲ್‌ನೋರು ಹೇಳೋದು ಕೇಳಿ ನಂಗೆ ತುಂಬಾ ಬೇಜಾರಾಗಿದೆ, ಮೊದಲು ಮೈಸೂರಿಗೆ ಹೋಗೋ ಪ್ರತಿ ಕಾರೂ ಅವ್ರ ಬಾಗಿಲ ಮುಂದೇನೇ ಹೋಗ್ತಿತ್ತು, ಈಗ ಬೇಕು ಅಂತ ಇಳಿದು ಬರೋರು ಮಾತ್ರ ಬರ್ತಾರೆ. ದಯವಿಟ್ಟು ಇಳಿದು ಹೋಗಿ.

ಬಿಡದೀಲಿ ರೇಣುಕಾಂಬಾ ಹೆಸರು ಎಲ್ಲರೂ ಹೇಳ್ತಾರೆ, ಚೆನ್ನಾಗೂ ಇರುತ್ತೆ, ಆದ್ರೆ ಅದೊಂದೇ ಅಲ್ಲ, ಆ ರಸ್ತೇಲಿ ಸಾಲಾಗಿ ಇಡ್ಲಿ ಅಂಗಡಿಗಳಿವೆ. ಯಾವುದು ಆರಿಸ್ಕೋಬೇಕು ಅಂದ್ರೆ ನಾನು ನೋಡೋದು ಒಂದೇ, ಹಬೆ. ತಟ್ಟೆಗಳನ್ನ ಒಂದರ ಮೇಲೊಂದು ಜೋಡ್ಸಿರೋ ಸ್ಟ್ಯಾಂಡ್ ಈಗಷ್ಟೇ ಮೇಲೆತ್ತುತಾ ಇದ್ದಾರಾ, ಕಣ್ಣ ಮುಂದೆ ಇಡ್ಲಿ ಎಬ್ಬಿಸಿ ಕೊಡ್ತಿದ್ದಾರಾ, ಹಾಗಿದ್ರೆ ಕೂತ್ಕೊಳ್ಳಿ. ತಟ್ಟೆ ಇಡ್ಲಿ ಆರಿದ ಮೇಲೆ ಆ ಮಜಾನೇ ಇರಲ್ಲ. ಮಾಮೂಲಿ ಇಡ್ಲಿಗಿಂತ ಇದು ಮೆತ್ತಗೆ ಇರೋಕೆ ಕಾರಣ ಹಿಟ್ಟಿಗೆ ಅವಲಕ್ಕಿನೋ ಸಬ್ಬಕ್ಕಿನೋ ಹಾಕಿ ರುಬ್ಬೋದು, ಒಬ್ಬೊಬ್ರದ್ದು ಒಂದೊಂದು ಲೆಕ್ಕ. ಮೇಲೆ ಒಂದು ಮುದ್ದೆ ಬೆಣ್ಣೆ ಹಾಕ್ತಾರೆ, ಬಿಸಿಗೆ ಅದು ಕರಗಿ ಇಡ್ಲಿ ಒಳಗೇ ಇಳಿಯುತ್ತೆ, ಪಕ್ಕದಲ್ಲಿ ಗಟ್ಟಿ ಚಟ್ನಿ. ನೀವು ಬೆಣ್ಣೆದೋಸೆ ಊರಿನವ್ರು, ಬೆಣ್ಣೆ ವಿಷಯ ನಿಮಗೆ ನಾನು ಹೇಳೋದೇನಿದೆ, ಆದ್ರೆ ಅವತ್ತು ಮಾತ್ರ ಮಕ್ಕಳಿಗೆ ಬೆಣ್ಣೆ ಕಮ್ಮಿ ಹಾಕ್ಸಿ. ಮಕ್ಕಳಿಗೆ ಒಂದು ಇಡ್ಲಿ ಇಬ್ರಿಗೆ ಸಾಕು, ದೊಡ್ಡೋರಿಗೆ ಎರಡು. ವಡೆ ಪೂರಿ ಬೇಡ. ಹೋದ ವರ್ಷ ದಸರಾ ರಜೇಲಿ ನನ್ನ ತಂಗಿ ಮಕ್ಕಳನ್ನ ಕರ್ಕೊಂಡು ಹೋದಾಗ ದೊಡ್ಡವನು ಹಟ ಮಾಡಿ ಪೂರಿ ತಿಂದ, ಸರಿ ತಿನ್ಲಿ ಅಂತ ನಾನೂ ಬಿಟ್ಟೆ, ಮೊದಲನೇ ತಿರುಗೋ ರೈಡಿಂದ ಇಳಿದ ತಕ್ಷಣ ಪಾಪ ಎಲ್ಲಾ ಆಚೆ ಬಂತು, ಆಮೇಲೆ ಮಧ್ಯಾಹ್ನದ ತನಕ ನನ್ನ ತೊಡೆ ಮೇಲೇ ಮಲಗಿದ್ದ. ಅವನ ಇಡೀ ದಿನ ಹೋಯ್ತು. ಇಡ್ಲಿ ಹಗುರ, ಹೊಟ್ಟೇಲಿ ಕೂರುತ್ತೆ, 11 ಗಂಟೆಗೆ ನೀವು ಒಳಗೆ ಹೋಗೋಷ್ಟರಲ್ಲಿ ಎರಡು ಗಂಟೆ ಆಗಿರುತ್ತೆ.

ಅತ್ತೆಯವ್ರ ವಿಷಯ ಬೇರೆ. ತಟ್ಟೆ ಇಡ್ಲಿ ಅಂದ್ರೆ ಹೆಚ್ಚು ಪಾಲು ಅಕ್ಕಿನೇ, ಒಂದು ತಿನ್ಲಿ, ಸಾಗು ಜಾಸ್ತಿ ಹಾಕಿಸ್ಕೊಳ್ಲಿ, ಮಾತ್ರೆ ಡಾಕ್ಟರ್ ಹೇಳಿದ ಟೈಮಿಗೇ ಆಗ್ಲಿ. ಅವ್ರಿಗೆ ಮಧ್ಯಾಹ್ನದ ಊಟ ಲೇಟ್ ಆಗ್ಬಾರ್ದು, ಅದೇ ಮುಖ್ಯ. ಬ್ಯಾಗಲ್ಲಿ ಇಟ್ಕೊಳ್ಳೋ ಬಿಸ್ಕೆಟ್, ಹಣ್ಣು ಬಗ್ಗೆ ಗೇಟಲ್ಲಿ ಬಚ್ಚಿಟ್ಕೊಂಡು ಹೋಗೋಕೆ ನೋಡ್ಬೇಡಿ, ಶುಗರ್ ಇದೆ ಅಂತ ನೇರವಾಗಿ ಹೇಳಿ, ಮಾತ್ರೆ ಚೀಟಿ ತೋರ್ಸಿ ಕೇಳಿ. ಒಳಗೆ ರೆಸ್ಟೋರೆಂಟ್‌ಗಳು ಇದಾವೆ, ಊಟ ಸಿಗುತ್ತೆ, ಆದ್ರೆ ಒಂದರಿಂದ ಎರಡೂವರೆ ತನಕ ಇಡೀ ಪಾರ್ಕೇ ಅಲ್ಲಿಗೆ ಬಂದಿರುತ್ತೆ, ಒದ್ದೆ ಬಟ್ಟೇಲಿ ಟ್ರೇ ಹಿಡ್ಕೊಂಡು ಜಾಗ ಹುಡುಕ್ಬೇಕು. ಒಂದೋ ಹನ್ನೆರಡೂಕಾಲಿಗೇ ಊಟ ಮುಗ್ಸಿ ಆಮೇಲೆ ಬಟ್ಟೆ ಬದಲಾಯಿಸಿ ನೀರಿನ ಆಟಕ್ಕೆ ಇಳೀರಿ, ಇಲ್ಲಾಂದ್ರೆ ನೀವು ಮಕ್ಕಳ ಜೊತೆ ನೀರಲ್ಲಿರಿ, ಅತ್ತೆಯವ್ರನ್ನ ಯಾರಾದ್ರೂ ಒಬ್ರು ಮೊದಲೇ ಕೂರ್ಸಿ ಊಟ ಮಾಡಿಸ್ಲಿ. ನಂಗೆ ಮೊದಲನೇದೇ ಸರಿ ಅನ್ಸುತ್ತೆ, ಎಲ್ಲರೂ ಒಟ್ಟಿಗೆ ಕೂತಂಗಾಗುತ್ತೆ. ಒದ್ದೆ ಕೂದಲಲ್ಲಿ ಚಳಿಗೆ ನಡುಗ್ತಾ ಅನ್ನ ತಿನ್ನೋ ಮಕ್ಕಳನ್ನ ನೋಡಿದ್ರೆ ಕರುಳು ಚುರಕ್ ಅನ್ನುತ್ತೆ.

ಸಂಜೆ ಆಚೆ ಬಂದ್ಮೇಲೆ ಬೆಂಗಳೂರು ಕಡೆ ತಿರುಗ್ಬೇಡಿ. ಪಾರ್ಕ್ ಮುಚ್ಚಿದ ತಕ್ಷಣ ಎಲ್ಲಾ ಗಾಡಿನೂ ಆ ಕಡೆಗೇ, ಕೆಂಗೇರಿ ಹತ್ರ ಟ್ರಾಫಿಕ್‌ನಲ್ಲಿ ಮಕ್ಕಳು ಹಸ್ಕೊಂಡು ಸಿಕ್ಕಾಕ್ಕೊಳ್ತಾವೆ. ಆ ದಸರಾ ರಜೇಲಿ ನಾವು ಅದೇ ತಪ್ಪು ಮಾಡಿದ್ವಿ, ದಾರೀಲಿ ಲೈಟು ಜಗಮಗ ಅಂತಿದ್ದ ಒಂದು ದೊಡ್ಡ ಫುಡ್ ಕೋರ್ಟಿಗೆ ಹೊಕ್ಕು ಮುಕ್ಕಾಲು ಗಂಟೆ ಕಾದು ತಣ್ಣನೆ ಪಲಾವ್ ತಿಂದು ಬಂದ್ವಿ. ನೀವು ಉಲ್ಟಾ ಬಿಡದಿ ಕಡೆಗೇ ಹೋಗಿ, ಸಣ್ಣ ಹೋಟೆಲಲ್ಲಿ ಬಿಸಿ ಬಿಸಿ ದೋಸೆನೋ ಚಪಾತಿನೋ ತಿಂದು, ಕಾಫಿ ಕುಡ್ದು, ಎಂಟು ಗಂಟೆ ಮೇಲೆ ನಿಧಾನಕ್ಕೆ ಹೊರಡಿ. ಮೇ ತಿಂಗಳಾದ್ರಿಂದ ರಸ್ತೆ ಪಕ್ಕ ರಾಮನಗರದ ಮಾವಿನಹಣ್ಣು ಇಟ್ಟಿರ್ತಾರೆ, ಮನೆಗೆ ಒಂದು ಡಜನ್ ತಗೊಳ್ಳಿ. ಭಾನುವಾರ ಮಾತ್ರ ಬೇಡ, ಬೆಳಿಗ್ಗೆ ಬೆಂಗಳೂರಿನ ಬೈಕಿನ ಹುಡುಗ್ರೆಲ್ಲ ಇಡ್ಲಿ ತಿನ್ನೋಕೇ ಬಿಡದಿಗೆ ಬಂದಿರ್ತಾರೆ, ಕೂರೋಕೆ ಜಾಗ ಸಿಗಲ್ಲ.

ಅಕ್ಕಾರ, ನಮ್ಮ ಕಡೆ ಮಂದಿಗೆ ರೊಟ್ಟಿ ಇಲ್ಲಂದ್ರ ಊಟ ಮಾಡಿದಂಗ ಅನಸೂದಿಲ್ಲ. ನಮ್ಮ ಅಪ್ಪಾರು ಇಡ್ಲಿ ಮುಟ್ಟೂದಿಲ್ಲ. ಆ ಕಡೆ ಜೋಳದ ರೊಟ್ಟಿ ಸಿಗತಾವೇನು? – ಒಬ್ಬ ಓದುಗರು, ಹುಬ್ಬಳ್ಳಿ

ಸಿಗತಾವ್ರೀ! ರಾಮನಗರದ ಜಾನಪದ ಲೋಕದ ಪಕ್ಕದಲ್ಲೇ ಕಾಮತ್ ಲೋಕರುಚಿ ಇದೆ, ಅಲ್ಲಿ ಉತ್ತರ ಕರ್ನಾಟಕದ ರೊಟ್ಟಿ ಊಟ ಮಾಡ್ತಾರೆ, ಪಲ್ಯ, ಚಟ್ನಿಪುಡಿ ಎಲ್ಲಾ ಹಾಕ್ತಾರೆ, ಅಪ್ಪಾಜಿಗೆ ಖುಷಿ ಆಗುತ್ತೆ. ಆದ್ರೆ ಅದು ಬಿಡದಿ ದಾಟಿ ಇನ್ನೂ ಮುಂದೆ, ವಂಡರ್‌ಲಾ ದಿನ ಮಧ್ಯಾಹ್ನ ಹೋಗಿ ಬರೋಕಾಗಲ್ಲ. ನಾನಾಗಿದ್ರೆ ಹೀಗೆ ಮಾಡ್ತೀನಿ, ಮಕ್ಕಳನ್ನ ಯಾರಾದ್ರೂ ದೊಡ್ಡೋರ ಜೊತೆ ಪಾರ್ಕಿಗೆ ಬಿಟ್ಟು ಅಪ್ಪ ಅಮ್ಮನ್ನ ಜಾನಪದ ಲೋಕಕ್ಕೆ ಕರ್ಕೊಂಡು ಹೋಗ್ತೀನಿ. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಸಾಮಾನು ಅಲ್ಲಿದೆ, ಒರಳು, ಬೀಸೋಕಲ್ಲು, ತೊಗಲುಗೊಂಬೆ, ಹಿರಿಯರು ಒಂದೊಂದನ್ನೂ ನಿಂತು ನೋಡ್ತಾ ಇದು ನಮ್ಮನೇಲೂ ಇತ್ತು ಅಂತ ಮಾತಾಡೋಕೆ ಶುರು ಮಾಡ್ತಾರೆ. ಆಮೇಲೆ ಅಲ್ಲೇ ರೊಟ್ಟಿ ಊಟ. ಟಿಕೆಟ್ ದುಡ್ಡು ಕೊಟ್ಟು ಬಿಸಿಲಲ್ಲಿ ಬೆಂಚ್ ಮೇಲೆ ಬ್ಯಾಗ್ ಕಾಯೋಕಿಂತ ಎಷ್ಟೋ ಮೇಲು.

ಅಕ್ಕ ನಾವು ಐದು ಜನ ಫ್ರೆಂಡ್ಸ್, ಕಾಲೇಜು, ಕಾರಿಲ್ಲ, ದುಡ್ಡೂ ಲೆಕ್ಕದಲ್ಲಿ. ಬಸ್ಸಲ್ಲಿ ಬಂದ್ರೆ ತಿಂಡಿ ಹೇಗೆ? ಆಮೇಲೆ ಒಂದ್ ಮಾತು, ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮುಂದೆ ಬಿಡದಿದು ಏನೂ ಅಲ್ಲ. – ಒಬ್ಬ ವಿದ್ಯಾರ್ಥಿ, ತುಮಕೂರು

ತಮ್ಮಾ, ಕ್ಯಾತ್ಸಂದ್ರದ ಇಡ್ಲಿ ನಾನೂ ತಿಂದಿದೀನಿ, ಸಿದ್ಧಗಂಗೆಗೆ ಹೋದಾಗೆಲ್ಲ ಅಲ್ಲಿ ಇಳೀತೀನಿ. ಬೆಣ್ಣೆ ಜಾಸ್ತಿ ಬೇಕು ಅನ್ನೋರಿಗೆ ಬಿಡದಿ, ಚಟ್ನಿ ಇಷ್ಟಪಡೋರಿಗೆ ಕ್ಯಾತ್ಸಂದ್ರ, ಇದು ನನ್ನ ನಾಲಿಗೆ ಹೇಳೋದು, ಜಗಳ ಬೇಡ.

ನೀವು ನೇರಳೆ ಮೆಟ್ರೋದಲ್ಲಿ ಚಲ್ಲಘಟ್ಟದ ತನಕ ಬಂದು ಅಲ್ಲಿಂದ ಬಸ್ ಹಿಡೀಬೋದು, ಇಲ್ಲ ಅಂದ್ರೆ ಮೈಸೂರು ಕಡೆ ಹೋಗೋ ಪ್ಯಾಸೆಂಜರ್ ರೈಲಲ್ಲಿ ಬಿಡದಿ ಸ್ಟೇಷನ್ನಲ್ಲೇ ಇಳಿದು ಊರೊಳಗೆ ತಿಂಡಿ ತಿಂದು ಆಟೋದಲ್ಲಿ ಪಾರ್ಕಿಗೆ ಹೋಗ್ಬೋದು. ಐದು ಜನ ಇರೋದ್ರಿಂದ ಆಟೋ ದುಡ್ಡು ಹಂಚ್ಕೊಂಡ್ರೆ ಭಾರ ಆಗಲ್ಲ, ಹತ್ತೋಕೆ ಮುಂಚೆ ಮಾತಾಡ್ಕೊಂಡೇ ಹತ್ತಿ. ಇನ್ನು ದುಡ್ಡು ಉಳಿಸ್ಬೇಕು ಅಂದ್ರೆ ನೀರಿಗಿಳಿಯೋ ನೈಲಾನ್ ಬಟ್ಟೆ ಮನೆಯಿಂದಲೇ ತಗೊಂಡ್ಹೋಗಿ, ಕಾಟನ್ ಟೀಶರ್ಟಲ್ಲಿ ಬಿಡಲ್ಲ, ಅಲ್ಲಿ ಬಟ್ಟೆಗೆ ಕೊಡೋ ದುಡ್ಡು ಉಳಿದ್ರೆ ಊಟಕ್ಕಾಗುತ್ತೆ.

ಮೇಡಂ, ಬರೀ ವೆಜ್ಜೇ ಹೇಳ್ತೀರ. ನಾಟಿ ಕೋಳಿ ಸಾರು, ಮುದ್ದೆ ಎಲ್ಲಿ? – ಒಬ್ಬ ಓದುಗರು, ಶಿವಮೊಗ್ಗ

ಮೈಸೂರು ರಸ್ತೇಲಿ ಮುದ್ದೆಗೆ ಬರವೇ ಇಲ್ಲ! ಬಿಡದಿಯಿಂದ ರಾಮನಗರದ ತನಕ ಹಳೇ ರಸ್ತೇಲಿ ನಾಟಿ ಸ್ಟೈಲ್ ಅಂತ ಬೋರ್ಡ್ ಹಾಕಿರೋ ಸಣ್ಣ ಸಣ್ಣ ಹೋಟೆಲ್‌ಗಳು ಸಿಗ್ತಾವೆ. ಬೋರ್ಡ್ ನಂಬ್ಬೇಡಿ, ಮುದ್ದೆ ನೋಡಿ. ಹೊಸದಾಗಿ ಕಟ್ಟಿದ ಮುದ್ದೆ ಮಿರಮಿರ ಅಂತ ಹೊಳೀತಾ ಇರುತ್ತೆ, ಬೆಳಿಗ್ಗೆ ಕಟ್ಟಿಟ್ಟಿದ್ದು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ. ಲಾರಿ ಡ್ರೈವರ್‌ಗಳು, ಅಕ್ಕಪಕ್ಕದ ಫ್ಯಾಕ್ಟರಿ ಹುಡುಗ್ರು ಕೂತಿದ್ರೆ ಅಲ್ಲಿ ಊಟ ಮಾಡಿ, ದಿನಾ ಬರೋರಿಗೆ ಯಾರೂ ಹಳಸಿದ್ದು ಹಾಕಲ್ಲ. ಮಧ್ಯಾಹ್ನ ಒಂದೂವರೆ ಒಳಗೆ ಹೋಗಿ, ಒಳ್ಳೆ ಕಡೆ ಬೇಗ ಖಾಲಿ. ಆದ್ರೆ ಇದು ಪಾರ್ಕಿಗೆ ಹೋಗದ ದಿನದ ಊಟ. ಎರಡು ಮುದ್ದೆ ಹೊಡ್ದು ಮೇಲಿಂದ ಕೆಳಗೆ ಬೀಳೋ ರೈಡ್ ಹತ್ತಿದ್ರೆ ಏನಾಗುತ್ತೆ ಅಂತ ಪೂರಿ ಕಥೇಲೇ ಹೇಳಿದೀನಿ.

ವಂಡರ್‌ಲಾ ಮುಗ್ಸಿ ಹಾಗೇ ಮದ್ದೂರಿಗೆ ಹೋಗಿ ವಡೆ ತಿಂದು ಬರ್ಬೋದಾ? – ಒಬ್ಬ ಓದುಗರು, ಕೋಲಾರ

ವಡೆಗೋಸ್ಕರ ಮಾತ್ರ ಆದ್ರೆ ಬೇಡ, ಅಲ್ಲಿಂದ ಇನ್ನೂ ಸುಮಾರು 50 ಕಿಲೋಮೀಟರ್, ಸುಸ್ತಾದ ಮಕ್ಕಳನ್ನ ಕೂರಿಸ್ಕೊಂಡು ರಾತ್ರಿ ಹೋಗಿ ಬರೋದು ಅವಕ್ಕೂ ಕಷ್ಟ, ಗಾಡಿ ಓಡ್ಸೋರಿಗೂ ಕಷ್ಟ. ಮಾರನೇ ದಿನ ಮೈಸೂರಿಗೆ ಹೋಗೋರಿದ್ರೆ ಖಂಡಿತ ಬೈಪಾಸ್ ಬಿಟ್ಟು ಊರೊಳಗೆ ಇಳೀರಿ. ಮದ್ದೂರು ರೈಲ್ವೇ ಸ್ಟೇಷನ್ನಲ್ಲಿ 1917ರಲ್ಲಿ ಶುರುವಾದ ತಿಂಡಿ ಅಂತಾರೆ. ರವೆ, ಮೈದಾ, ಅಕ್ಕಿಹಿಟ್ಟು, ಜಾಸ್ತಿ ಈರುಳ್ಳಿ, ಕೈಯಲ್ಲಿ ತೆಳ್ಳಗೆ ತಟ್ಟಿ ಕರಿಯೋದು. ಅಲ್ಲೇ ನಿಂತು ಬಿಸಿದು ಒಂದು ತಿನ್ನಿ, ಪಾರ್ಸಲ್ ಬೇಕಾದ್ರೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಸ್ಬೇಡಿ, ಬೆವ್ತು ಮೆತ್ತಗಾಗುತ್ತೆ, ಪೇಪರಲ್ಲಿ ಕಟ್ಸಿ, ಮೈಸೂರು ಮುಟ್ಟೋ ತನಕ ಗರಿಗರಿ ಇರುತ್ತೆ. ಪಕ್ಕದಲ್ಲೇ ಎಳನೀರೂ ಕುಡೀರಿ, ಮದ್ದೂರಿನ ಎಳನೀರು ಮಾರ್ಕೆಟ್ ದೊಡ್ಡ ಹೆಸರಿರೋದು.