ಹಳೆ ಯುಪಿಎಸ್ ಬೋರ್ಡಿನ ಅಕ್ಷರ ಅಳಿಸಿದ ಮೂರು ಕಾಲಿನ ಭಾಗ ಯಾವುದು?

ಈ ಭಾಗಗಳು ಯಾವುವು, ಕಾಫಿ ಕಣದ 12 ವೋಲ್ಟ್ ಎಲ್‌ಇಡಿ ದೀಪಕ್ಕೆ ಬಳಸಬಹುದೇ ಎಂದು ಮಡಿಕೇರಿಯಿಂದ ಕೇಳಿದ್ದೀರಿ. ಅವು ಬ್ಯಾಟರಿ ಕಡೆ ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ತುಂಡು) ಸಾಲಾಗಿ ಕೂತಿವೆ ಎಂದಿದ್ದೀರಿ. ಹಾಗಿದ್ದರೆ ಅವು ಹೆಚ್ಚಾಗಿ ಎನ್-ಚಾನೆಲ್ ಮಾಸ್‌ಫೆಟ್, ಅಂದರೆ ಒಂದು ಕಾಲಿಗೆ ವೋಲ್ಟೇಜ್ ಕೊಟ್ಟರೆ ಉಳಿದ ಎರಡು ಕಾಲುಗಳ ನಡುವೆ ಕರೆಂಟ್ ಬಿಡುವ ಸ್ವಿಚ್.

ಬ್ಯಾಟರಿ ಬಿಚ್ಚಿ, ದೊಡ್ಡ ಕೆಪಾಸಿಟರ್‌ನಲ್ಲಿ ವೋಲ್ಟೇಜ್ ಉಳಿದಿಲ್ಲ ಅಂತ ಮೊದಲು ಅಳೆದು ನೋಡಿ. ಒಂದನ್ನು ಬೋರ್ಡಿನಿಂದ ಕಿತ್ತು ಹೊರಗೇ ಪರೀಕ್ಷಿಸಿ. ಮಡಿಕೇರಿ ಮಳೆಗೆ ಇಟ್ಟಲ್ಲೇ ತೇವ ಹಿಡಿಯುತ್ತದೆ, ಅಲ್ವಾ? ಕಾಲಿನ ಹಸಿರು ಕಿಲುಬು ಕೆರೆದು, ಚೆನ್ನಾಗಿ ಒಣಗಿಸಿ. ಇಲ್ಲದಿದ್ದರೆ ಸುಮ್ನೆ ತಪ್ಪು ರೀಡಿಂಗ್ ಬರುತ್ತದೆ.

ಮಲ್ಟಿಮೀಟರನ್ನು ಡಯೋಡ್ ಮೋಡ್‌ಗೆ (ಕರೆಂಟ್ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ನೋಡುವ ಸೆಟ್ಟಿಂಗ್) ಹಾಕಿ. ಪ್ಲಾಸ್ಟಿಕ್ ಮುಖ ನಿಮ್ಮ ಕಡೆ, ಕಾಲು ಕೆಳಗೆ. ಸಾಮಾನ್ಯವಾಗಿ ಎಡದಿಂದ ಗೇಟ್ (ಸ್ವಿಚ್ ಆನ್ ಮಾಡುವ ಕಾಲು), ಡ್ರೇನ್, ಸೋರ್ಸ್ (ಈ ಎರಡರ ನಡುವೆ ಕರೆಂಟ್ ಹರಿಯುತ್ತದೆ). ಮೂರೂ ಕಾಲನ್ನು ತಂತಿಯಿಂದ ಒಮ್ಮೆ ಶಾರ್ಟ್ ಮಾಡಿ ಬಿಡಿ. ಮೀಟರಿನ ಕೆಂಪು ಕಡ್ಡಿ ಸೋರ್ಸ್‌ಗೆ, ಕಪ್ಪು ಕಡ್ಡಿ ಡ್ರೇನ್‌ಗೆ ಇಟ್ಟರೆ 0.4ರಿಂದ 0.6 ವೋಲ್ಟ್ ಬರಬೇಕು. ತಿರುಗಿಸಿದರೆ ಏನೂ ಬರಬಾರದು. ಈಗ ಕಪ್ಪನ್ನು ಸೋರ್ಸ್‌ನಲ್ಲೇ ಇಟ್ಟು, ಕೆಂಪನ್ನು ಗೇಟ್‌ಗೆ ಮುಟ್ಟಿಸಿ, ಆಮೇಲೆ ಡ್ರೇನ್‌ಗೆ. ಮೊದಲು ಬಾರದ ರೀಡಿಂಗ್ ಈಗ ಬಂದರೆ ನಮ್ಮ ಊಹೆ ಸರಿ. ಬಾರದಿದ್ದರೆ ತಕ್ಷಣ ಎಸೆಯಬೇಡಿ. ಕೆಲವು ಮೀಟರ್‌ಗಳ ವೋಲ್ಟೇಜ್ ಗೇಟ್‌ಗೆ ಸಾಲುವುದಿಲ್ಲ. 9 ವೋಲ್ಟ್ ಬ್ಯಾಟರಿಯ ಪ್ಲಸ್ ಗೇಟ್‌ಗೆ, ಮೈನಸ್ ಸೋರ್ಸ್‌ಗೆ ಒಂದು ಕ್ಷಣ ಮುಟ್ಟಿಸಿ ಮತ್ತೆ ನೋಡಿ.

ಒಂದೇ ಕಾಲಿನಿಂದ ಉಳಿದ ಎರಡಕ್ಕೂ 0.6, 0.7 ಬಂದರೆ ಮಾಮೂಲಿ ಟ್ರಾನ್ಸಿಸ್ಟರ್. ಎಲ್ಲ ಕಡೆಯೂ ಸೊನ್ನೆ ಬಂದರೆ ಸುಟ್ಟಿದೆ.

ಎಷ್ಟು ವೋಲ್ಟ್, ಎಷ್ಟು ಆಂಪ್ ತಡೆಯುತ್ತದೆ ಎಂಬುದು ಮೀಟರ್‌ನಿಂದ ತಿಳಿಯುವುದಿಲ್ಲ. ಯುಪಿಎಸ್ 12 ವೋಲ್ಟ್ ಬ್ಯಾಟರಿಯದ್ದಾದರೆ, ನೀವು ಹೇಳಿದ ಕಾಫಿ ಕಣದ 12 ವೋಲ್ಟ್ ಎಲ್‌ಇಡಿ ದೀಪಕ್ಕೆ ಸ್ವಿಚ್ ಆಗಿ ಹಾಕಬಹುದು. ಹತ್ತು ನಿಮಿಷ ಉರಿಸಿ ಬಿಸಿ ನೋಡಿ. ಜಾಸ್ತಿ ಕಾದರೆ ಹೀಟ್‌ಸಿಂಕ್ ಹಾಕಿ. 230 ವೋಲ್ಟ್ ಲೈನಿಗೆ ಮಾತ್ರ ಬೇಡ.