ಓದುಗರ ಪ್ರಶ್ನೆ: ಕೋಟೆಬೆಟ್ಟಕ್ಕೆ ಯಾವಾಗ ಹೋಗಬೇಕು?

ಪ್ರಶ್ನೆ: ಕೋಟೆಯ ಗೋಡೆಯಂತೆ ಕಾಣುವ ಕೋಟೆಬೆಟ್ಟದ ಬಂಡೆಯನ್ನು ಹತ್ತಿರದಿಂದ ನೋಡುವ ಆಸೆಯಿದೆ. ಮಳೆಗಾಲದಲ್ಲೇ ಹೋಗಬೇಕು, ಆಗಲೇ ಬೆಟ್ಟ ಹಸಿರಾಗಿರುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಹತ್ತು ವರ್ಷದ ಮಗನನ್ನು ಕರೆದೊಯ್ಯಬಹುದೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಮಗನನ್ನು ಧಾರಾಳವಾಗಿ ಕರೆದೊಯ್ಯಿರಿ, ಸ್ನೇಹಿತರ ಸಲಹೆಯನ್ನು ಮಾತ್ರ ಪಕ್ಕಕ್ಕಿಡಿ. ಸುಮಾರು 1,620 ಮೀಟರ್ ಎತ್ತರದ ಈ ಬೆಟ್ಟ ತಡಿಯಂಡಮೋಳ್ ಮತ್ತು ಪುಷ್ಪಗಿರಿಗಳ ನಂತರ ಕೊಡಗಿನ ಮೂರನೆಯ ಎತ್ತರದ ಶಿಖರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಂಜು ಕವಿದರೆ ನೀವು ನೋಡಬಯಸುವ ಬಂಡೆಯೇ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ವಾರಗಟ್ಟಲೆ ನೆನೆದ ಕಲ್ಲಿನ ಮೇಲೆ ತೆಳುವಾದ ಪಾಚಿ ಹಬ್ಬಿರುತ್ತದೆ. ಹತ್ತುವಾಗ ಕೈ ಊರಿ ಹೇಗೋ ನಿಭಾಯಿಸಿದವರೂ ಇಳಿಯುವಾಗ ಅದೇ ಜಾಗದಲ್ಲಿ ಜಾರುತ್ತಾರೆ. ಇಂಬಳಗಳ ಕಾಟವಂತೂ ಕೊಡಗಿನವರಾದ ನಿಮಗೆ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಈ ಬೆಟ್ಟದ ಆಸುಪಾಸಿನ ಹಟ್ಟಿಹೊಳೆ, ಮುಕ್ಕೋಡ್ಲು ಊರುಗಳ ಸುತ್ತಮುತ್ತ ಗುಡ್ಡಗಳು ಕುಸಿದದ್ದನ್ನು ನೆನೆದರೆ, ಜೋರು ಮಳೆಯಲ್ಲಿ ಆ ಕಡೆಗೆ ಚಾರಣ ಹೊರಡುವುದು ವಿವೇಕವೆನಿಸದು.

ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಸೂಕ್ತ. ಮಡಿಕೇರಿಯಿಂದ ಸೋಮವಾರಪೇಟೆ ರಸ್ತೆಯಲ್ಲಿ ಬಂದು ಹಟ್ಟಿಹೊಳೆಯ ಕಡೆಯಿಂದ ಹತ್ತುವುದು ರೂಢಿ. ಪೂರ್ತಿ ನಡೆದರೆ ದೂರ ಹೆಚ್ಚಾಗುವುದರಿಂದ, ಮಗುವಿರುವಾಗ ಜೀಪು ಹೋಗುವಷ್ಟು ದೂರ ಜೀಪಿನಲ್ಲೇ ಹೋಗಿ ಉಳಿದದ್ದನ್ನು ನಡೆಯಿರಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಕಾಫಿ ತೋಟಗಳು ಹಿಂದುಳಿದು, ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು (ಕುಳ್ಳ ಮರಗಳು ಒತ್ತಾಗಿ ಬೆಳೆದ ಬೆಟ್ಟದ ಕಾಡು) ಉಳಿದು, ಮೇಲೆಲ್ಲ ಬಯಲು ಹುಲ್ಲುಗಾವಲಾದ ಮೇಲೆ ನೆರಳು ಸಿಗುವುದಿಲ್ಲವಾದ್ದರಿಂದ ಬೆಳಿಗ್ಗೆ ಬೇಗ ಹೊರಡಬೇಕು, ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು.

ತುದಿಯಲ್ಲಿ ಶಿವನ ಗುಡಿಯಿದೆ, ಬಂಡೆಯ ಮೇಲೆ ನೀರು ನಿಲ್ಲುವ ಕೊಳಗಳಿವೆ. ಊರಿನವರು ನಡೆದುಕೊಳ್ಳುವ ಸ್ಥಳವದು. ಕೊಳದಲ್ಲಿ ಕಾಲು ತೊಳೆಯುವುದು, ತಿಂಡಿಯ ಪೊಟ್ಟಣ ಎಸೆಯುವುದು ಸಲ್ಲದು. ಫೋಟೋಕ್ಕಾಗಿ ಬಂಡೆಯ ಅಂಚಿಗೆ ಮಗನನ್ನು ಬಿಡಬೇಡಿ, ಏಕೆಂದರೆ ಅಲ್ಲಿ ಹುಲ್ಲು ಮುಚ್ಚಿರುವ ಕಡೆ ಕಲ್ಲು ಎಲ್ಲಿ ಮುಗಿಯಿತೆಂಬುದು ತಿಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಾದರೆ ಮಧ್ಯಾಹ್ನದ ಗುಡುಗಿಗೆ ಮೊದಲೇ ಇಳಿದುಬಿಡಿ. ಬಯಲು ಬಂಡೆಯ ಮೇಲೆ ಸಿಡಿಲಿಗೆ ಮರೆಯೆಂಬುದಿಲ್ಲ.

2024ರಿಂದ ಅರಣ್ಯ ಇಲಾಖೆಯು ರಾಜ್ಯದ ಹಲವು ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದಿರುವುದರಿಂದ, ಈ ದಾರಿಗೆ ಅನುಮತಿ ಬೇಕೇ ಎಂಬುದನ್ನು ಹೊರಡುವ ವಾರದಲ್ಲೇ ಸ್ಥಳೀಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.