ಐದು ತಿಂಗಳ ನಾಯಿಮರಿಯನ್ನು ಒಂಟಿಯಾಗಿ ಬಿಟ್ಟರೆ ಅಳುತ್ತದೆ, ಅಳಲಿ ಅಂತ ಬಿಡಬಹುದಾ?

ನಿಮ್ಮದು ಐದು ತಿಂಗಳ ಲ್ಯಾಬ್ರಡಾರ್ ಮರಿ. ಬೆಂಗಳೂರಿನ ಅಪಾರ್ಟ್‌ಮೆಂಟು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಬೇಕು. ಬಾಗಿಲು ಹಾಕಿದ ಕೂಡಲೇ ಮರಿ ಊಳಿಡುತ್ತದೆ, ಪಕ್ಕದ ಮನೆಯವರು ದೂರು ಹೇಳುತ್ತಿದ್ದಾರೆ. "ನಾಲ್ಕು ದಿನ ಅಳಲಿ ಬಿಡಿ, ತಾನೇ ಸುಮ್ಮನಾಗುತ್ತೆ" ಅಂತ ಎಲ್ಲರೂ ಹೇಳಿದ್ದಾರೆ, ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಮಾಡಬೇಡಿ. ನಾನು ಮಾಡಿದ್ದೆ. ಮೂರು ವಾರ ಅಳಲು ಬಿಟ್ಟಿದ್ದನ್ನು ಸರಿ ಮಾಡಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ನಮ್ಮದು ಮೈಸೂರು. ನಮ್ಮ ನಾಯಿ ಕೆಂಚ, ಬೀದಿಯಲ್ಲಿ ಸಿಕ್ಕ ಮರಿ, ಆಗ ಅವನಿಗೂ ಹೆಚ್ಚುಕಡಿಮೆ ಐದು ತಿಂಗಳು. ನಾನು ಮನೆಗೆ ಬರುವ ಹೊತ್ತಿಗೆ ಸುಮ್ಮನೆ ಮಲಗಿರುತ್ತಿದ್ದ. ಅಭ್ಯಾಸ ಆಯಿತು ಅಂದುಕೊಂಡೆ. ಒಂದು ದಿನ ಹಳೆಯ ಫೋನನ್ನು ಟಿವಿ ಪಕ್ಕ ನಿಲ್ಲಿಸಿ ವಿಡಿಯೋ ಹಾಕಿಟ್ಟು ಹೋದೆ. ಸಂಜೆ ನೋಡಿದಾಗ ಕೈಕಾಲು ತಣ್ಣಗಾಯಿತು. ಬಾಗಿಲ ಕೆಳಗಿನ ಸಂದಿಗೆ ಮೂಗು ಒತ್ತಿಕೊಂಡು ನಿಂತಿದ್ದ. ಮೈಯೆಲ್ಲ ನಡುಗುತ್ತಿತ್ತು. ಜೊಲ್ಲು ಸುರಿದು ಹೊಸಿಲ ಹತ್ತಿರ ನೆಲ ಒದ್ದೆಯಾಗಿತ್ತು. ಅವನಿಗೆ ಪ್ರಾಣವಾದ ಮೊಸರನ್ನ ಪಕ್ಕದಲ್ಲೇ ಇತ್ತು, ಮೂಸಿಯೂ ನೋಡಲಿಲ್ಲ. ಐವತ್ತು ನಿಮಿಷ ಹೀಗೇ. ಆಮೇಲೆ ಕುಸಿದು ಮಲಗಿದ. ನಾನು ಅಭ್ಯಾಸ ಅಂದುಕೊಂಡಿದ್ದು ಅವನ ಸುಸ್ತು.

ಹಾಗಾಗಿ ಮೊದಲು ವಿಡಿಯೋ ಮಾಡಿ. ಬೇಜಾರಿಗೆ ಗಲಾಟೆ ಮಾಡುವ ಮರಿ ಬೇರೆ, ಹೆದರಿದ ಮರಿ ಬೇರೆ. ಬೇಜಾರಾದ ಮರಿ ಚಪ್ಪಲಿ ಕಡಿಯುತ್ತದೆ, ಸ್ವಲ್ಪ ಹೊತ್ತು ಮಲಗುತ್ತದೆ, ಎದ್ದು ದಿಂಬು ಹರಿಯುತ್ತದೆ, ತಿಂಡಿ ಇಟ್ಟರೆ ತಿನ್ನುತ್ತದೆ. ಅದಕ್ಕೆ ಬೆಳಿಗ್ಗೆ ಚೆನ್ನಾಗಿ ಮೂಸಾಡಲು ಬಿಟ್ಟು ವಾಕಿಂಗ್ ಮಾಡಿಸಿ, ಕಡಿಯಲು ಏನಾದರೂ ಕೊಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಹೆದರಿದ ಮರಿ ಬಾಗಿಲು, ಕಿಟಕಿ ಬಿಟ್ಟು ಅಲ್ಲಾಡುವುದಿಲ್ಲ. ನೀವು ಹೋದ ಮೊದಲ ಅರ್ಧ ಗಂಟೆಯಲ್ಲೇ ಶುರು ಮಾಡುತ್ತದೆ, ತಿಂಡಿ ಮುಟ್ಟುವುದಿಲ್ಲ. ನೀವು ಬರೆದಿದ್ದು ನೋಡಿದರೆ ನಿಮ್ಮ ಮರಿ ಎರಡನೆಯದು ಅನ್ನಿಸುತ್ತದೆ.

ಹೆದರಿಕೆಗೆ ಮುಖ್ಯ ಮದ್ದು ಒಂದೇ. ಮರಿಗೆ ಹೆದರಿಕೆ ಶುರುವಾಗುವ ಮೊದಲೇ ನೀವು ವಾಪಸ್ ಬರಬೇಕು. ಮತ್ತೆ ಮತ್ತೆ, ದಿನಾ.

ಕೆಂಚನಿಗೆ ಬಾಗಿಲು ಹಾಕುವವರೆಗೂ ಕಾಯಬೇಕಿರಲಿಲ್ಲ. ಮೊಳೆಯಿಂದ ಕೀ ಗೊಂಚಲು ತೆಗೆದ ಸದ್ದಿಗೇ ಎದ್ದು ಬರುತ್ತಿದ್ದ. ಅದಕ್ಕೆ ಮೊದಲ ವಾರ ನಾನು ಮನೆ ಬಿಡುವ ಪಾಠ ಮಾಡಲೇ ಇಲ್ಲ. ಕೀ ತೆಗೆದುಕೊಂಡು ಹೋಗಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದೆ. ಚಪ್ಪಲಿ ಹಾಕಿಕೊಂಡು ಸೋಫಾದಲ್ಲಿ ಪೇಪರ್ ಓದುತ್ತಿದ್ದೆ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಹೋಗಿ ಹಾಲು ಕಾಯಿಸುತ್ತಿದ್ದೆ. ದಿನಕ್ಕೆ ಹತ್ತು ಹದಿನೈದು ಸಲ. ಆರನೇ ದಿನವೋ ಏಳನೇ ದಿನವೋ ಕೀ ಸದ್ದಾಯಿತು. ಕೆಂಚ ಒಂದು ಕಿವಿ ಮಾತ್ರ ಎತ್ತಿದ, ನನ್ನನ್ನು ನೋಡಿದ, ಮತ್ತೆ ತಲೆ ಕೆಳಗಿಟ್ಟ. ನನಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಬಾಗಿಲು. ಹೊರಗೆ ಹೋಗಿ, ಹಾಕಿ, ಐದು ಸೆಕೆಂಡಿಗೆ ಒಳಗೆ ಬರುವುದು. ಬಂದಾಗ ಮುದ್ದಾಟ ಬೇಡ, ಮಾಮೂಲಿಯಾಗಿ ಇರಿ. ಮುಂದಿನ ಸಲ ಹನ್ನೆರಡು ಸೆಕೆಂಡು, ಆಮೇಲೆ ಎಂಟು, ಆಮೇಲೆ ಇಪ್ಪತ್ತು. ಏರಿಸುತ್ತಲೇ ಹೋಗಬೇಡಿ, ಪ್ರತಿ ಸಲವೂ ಜಾಸ್ತಿ ಹೊತ್ತು ಅಂತ ಮರಿಗೆ ಗೊತ್ತಾಗಿಬಿಡುತ್ತದೆ. ಕುಯ್‌ಗುಟ್ಟಿತು ಅಂದರೆ ಹೊತ್ತು ಜಾಸ್ತಿಯಾಯಿತು ಅಂತ ಅರ್ಥ, ಹಿಂದಕ್ಕೆ ಬನ್ನಿ. ಮೊದಲ ಅರ್ಧ, ಮುಕ್ಕಾಲು ಗಂಟೆ ಮುಟ್ಟುವುದೇ ಕಷ್ಟ. ನಮಗೆ ಅಷ್ಟಕ್ಕೇ ಎರಡು ತಿಂಗಳಿಗಿಂತ ಜಾಸ್ತಿ ಹಿಡಿಯಿತು. ಅದು ದಾಟಿದ ಮೇಲೆ ಹತ್ತು ಹದಿನೈದು ನಿಮಿಷ ಒಟ್ಟಿಗೇ ಏರಿಸಬಹುದು.

ಈಗ ಕಷ್ಟದ ವಿಷಯ. ಈ ಪಾಠ ನಡೆಯುವಷ್ಟು ದಿನ ಮರಿ ನಿಜವಾಗಿ ಒಂಟಿಯಾಗಬಾರದು. ಸಂಜೆ ಐದು ನಿಮಿಷ ಕಲಿತದ್ದು ಮರುದಿನ ಎಂಟು ತಾಸು ಒಂಟಿ ಬಿಟ್ಟರೆ ಅಳಿಸಿಹೋಗುತ್ತದೆ. ನಾವು ಹೇಗೋ ಹೊಂದಿಸಿಕೊಂಡೆವು. ವಾರಕ್ಕೆ ಎರಡು ದಿನ ನಾನು ಮನೆಯಿಂದ ಕೆಲಸ, ಎರಡು ದಿನ ನಮ್ಮತ್ತೆ ಬರುತ್ತಿದ್ದರು, ಉಳಿದ ದಿನ ಕೆಳಗಿನ ಮನೆಯ ಅಜ್ಜನ ಹತ್ತಿರ ಬಿಡುತ್ತಿದ್ದೆ. ನಿಮಗೂ ಹೀಗೆ ಯಾರಾದರೂ ಸಿಗಬಹುದು, ಕೇಳಲು ಸಂಕೋಚ ಪಡಬೇಡಿ. ಇಲ್ಲದಿದ್ದರೆ ನಾಯಿಗಳ ಡೇಕೇರ್ ನೋಡಿ, ಹೋಗಿ ಕಣ್ಣಾರೆ ನೋಡಿ ಆಮೇಲೆ ಸೇರಿಸಿ. ಅಂದಹಾಗೆ, ಐದು ತಿಂಗಳ ಮರಿ ಐದಾರು ಗಂಟೆಗಿಂತ ಜಾಸ್ತಿ ಉಚ್ಚೆ ತಡೆದುಕೊಳ್ಳುವುದಿಲ್ಲ. ಹೆದರಿಕೆ ಹೋದ ಮೇಲೂ ಮಧ್ಯಾಹ್ನ ಯಾರಾದರೂ ಬಂದು ಹೊರಗೆ ಕರೆದುಕೊಂಡು ಹೋಗಲೇಬೇಕು.

ತಿಂಡಿಗೆ ಕಾಂಗ್ ಅಂತ ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆ ಸಿಗುತ್ತದೆ. ನಾನು ಅದರಲ್ಲಿ ರಾಗಿ ಗಂಜಿ, ಮೊಸರು, ಬೇಯಿಸಿದ ಕ್ಯಾರೆಟ್ ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಕೊಡುತ್ತೇನೆ. ನೆಕ್ಕಿ ನೆಕ್ಕಿ ತಿನ್ನುವಾಗ ಮರಿಯ ಮನಸ್ಸು ತಣ್ಣಗಾಗುತ್ತದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಬೇಡವೇ ಬೇಡ, ಇವು ನಾಯಿಗೆ ವಿಷ. ಪೀನಟ್ ಬಟರ್ ಹಾಕುವುದಾದರೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಇಲ್ಲ ಅಂತ ಡಬ್ಬಿ ಓದಿ ನೋಡಿ, ಅದೂ ವಿಷವೇ.

ಬಂದು ನೋಡಿದಾಗ ಮನೆ ರಣರಂಗವಾಗಿದ್ದರೂ ಬೈಯಬೇಡಿ. "ತಪ್ಪು ಮಾಡಿದ್ದೀನಿ ಅಂತ ಅದಕ್ಕೇ ಗೊತ್ತು, ಮುಖ ನೋಡಿ" ಅನ್ನುತ್ತಾರಲ್ಲ, ಅದು ನಿಜವಲ್ಲ. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ನಾಯಿ ತಪ್ಪು ಮಾಡಿತ್ತೋ ಇಲ್ಲವೋ, ಯಜಮಾನ ಬೈದಾಗ ಆ ಮುಖ ಜಾಸ್ತಿ ಕಾಣಿಸಿತು. ಅದು ನಿಮ್ಮ ದನಿಗೆ ಹೆದರಿದ ಮುಖ. ನೀವು ವಾಪಸ್ ಬರುವುದಕ್ಕೂ ಹೆದರುವಂತಾದರೆ ಆ ಮರಿ ಏನು ಮಾಡಬೇಕು ಹೇಳಿ. ಬಾಲ್ಕನಿಯಲ್ಲಿ ಕಟ್ಟಿಹಾಕುವುದೂ, ಅಭ್ಯಾಸವಿಲ್ಲದೆ ಬೋನಿಗೆ ಹಾಕುವುದೂ ಬೇಡ. ಗಾಬರಿಯಲ್ಲಿ ಹಲ್ಲು, ಉಗುರು ಮುರಿದುಕೊಳ್ಳುತ್ತವೆ.

ಒಂದು ತಿಂಗಳು ಪ್ರಯತ್ನಿಸಿಯೂ ಒಂದು ನಿಮಿಷ ದಾಟದಿದ್ದರೆ ಪಶುವೈದ್ಯರನ್ನು ನೋಡಿ. ನಿಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ. ಈ ಹೆದರಿಕೆಗೆ ಫ್ಲುಯೊಕ್ಸೆಟಿನ್, ಕ್ಲೋಮಿಪ್ರಮಿನ್ ತರಹದ ಔಷಧ ಇವೆ. ಕ್ಲೋಮಿಪ್ರಮಿನ್ ಆರು ತಿಂಗಳಿಗಿಂತ ಚಿಕ್ಕ ಮರಿಗೆ ಕೊಡುವಂಥದ್ದಲ್ಲ. ಮನುಷ್ಯರ ಮಾತ್ರೆ ಅರ್ಧ ಮಾಡಿ ನೀವೇ ಕೊಡಬೇಡಿ.

ಪಕ್ಕದ ಮನೆಯವರ ಮಾತು ನಿಮ್ಮನ್ನು ಕುಗ್ಗಿಸುವುದು ಬೇಡ. ನಾಯಿ ಸಾಕಲೇಬಾರದು ಅಂತ ಅಪಾರ್ಟ್‌ಮೆಂಟ್ ಸಂಘದವರು ನಿಷೇಧ ಹಾಕುವಂತಿಲ್ಲ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೀಗೆ ಸೂಚಿಸಿದೆ. ಆದರೆ ಅದನ್ನು ಹಿಡಿದು ಜಗಳಕ್ಕೆ ಹೋಗುವ ಮುಂಚೆ ಒಮ್ಮೆ ಮರಿಯನ್ನು ಎತ್ತಿಕೊಂಡೇ ಅವರ ಮನೆಗೆ ಹೋಗಿ, ಪಾಠ ನಡೆಯುತ್ತಿದೆ, ಇನ್ನು ಒಂಟಿ ಬಿಡುವುದಿಲ್ಲ ಅಂತ ಹೇಳಿ ಬನ್ನಿ. ನಮ್ಮ ಕೆಳಗಿನ ಮನೆಯ ಅಜ್ಜ ಮೊದಲು ದೂರು ಹೇಳಿದವರೇ.

ಇವತ್ತು ಸಂಜೆ ಫೋನ್ ಇಟ್ಟು ಒಮ್ಮೆ ನೋಡಿ. ಬಾಗಿಲು ಹಾಕಿದ ಎಷ್ಟನೇ ಸೆಕೆಂಡಿಗೆ ಮರಿ ಕುಯ್‌ಗುಟ್ಟಿತು ಅಂತ ಬರೆದಿಟ್ಟುಕೊಳ್ಳಿ. ನಾಳೆ ಅದಕ್ಕಿಂತ ಕಡಿಮೆ ಹೊತ್ತಿನಿಂದ ಶುರು ಮಾಡಿ.